ಯೋಜನಾ ನಿರ್ವಹಣೆ: ಗಡುವಿನೊಡನೆ ಸೆಣಸುವ ವೃತ್ತಿ

ಕನ್ನಡದ ‘ಯೋಜನೆ’ ಎಂಬ ಪದ ತನ್ನ ಶಕ್ತಿಗೆ ಮೀರಿದ ಭಾರ ಹೊತ್ತಿದೆ. ವೃದ್ಧಾಪ್ಯ ವೇತನವೂ ಯೋಜನೆ, ಪಂಚವಾರ್ಷಿಕವೂ ಯೋಜನೆ, ಆಲಮಟ್ಟಿ ಅಣೆಕಟ್ಟೂ ಯೋಜನೆ, ನಾಳೆ ಏನು ಮಾಡಬೇಕೆಂಬ ಮನಸ್ಸಿನ ಲೆಕ್ಕಾಚಾರವೂ ಯೋಜನೆಯೇ. ಇಂಗ್ಲಿಷಿನಲ್ಲಿ ಇವನ್ನು ಸ್ಕೀಂ, ಪ್ಲಾನ್, ಪ್ರಾಜೆಕ್ಟ್ ಎಂದು ಬೇರೆ ಬೇರೆಯಾಗಿ ಕರೆಯುವುದರಿಂದ ಅಲ್ಲಿ ಗೊಂದಲ ಕಡಿಮೆ. ಈ ಲೇಖನಕ್ಕೆ ಸಂಬಂಧಿಸಿದ್ದು ಮೂರನೆಯದು ಮಾತ್ರ.

ಪ್ರಾಜೆಕ್ಟ್ ಎಂದರೆ ಆರಂಭ ಮತ್ತು ಅಂತ್ಯ ಎರಡೂ ಇರುವ, ಹಿಂದೆ ಇಲ್ಲದಿದ್ದ ಏನನ್ನೋ ಉಳಿಸಿ ಹೋಗುವ ಕೆಲಸ. ಮೆಜೆಸ್ಟಿಕ್‌ನಿಂದ ದಿನವೂ ಬಸ್ಸು ಬಿಡುವುದು ಪ್ರಾಜೆಕ್ಟ್ ಅಲ್ಲ, ಅದು ನಿತ್ಯದ ಕಾರ್ಯಾಚರಣೆ. ಹೊಸ ಬಸ್ ಡಿಪೊ ಕಟ್ಟುವುದು ಪ್ರಾಜೆಕ್ಟ್. ಕಟ್ಟಿ ಮುಗಿದ ದಿನ ಅದಕ್ಕಾಗಿ ಸೇರಿದ ಜನ ಚದುರಬೇಕು, ಲೆಕ್ಕ ಮುಚ್ಚಬೇಕು, ಬೀಗದ ಕೈ ಬೇರೆಯವರ ಪಾಲಾಗಬೇಕು. ಇಂತಹ ಕೆಲಸವನ್ನು ಗೊತ್ತುಪಡಿಸಿದ ವ್ಯಾಪ್ತಿ, ಅವಧಿ ಮತ್ತು ವೆಚ್ಚದೊಳಗೆ ದಡ ಮುಟ್ಟಿಸುವ ಹೊಣೆ ಹೊತ್ತವನೇ ಪ್ರಾಜೆಕ್ಟ್ ಮ್ಯಾನೇಜರ್. ಸರ್ಕಾರಿ ಭಾಷೆಯಲ್ಲಿ ಯೋಜನಾ ವ್ಯವಸ್ಥಾಪಕ.

ಮನೆ ಕಟ್ಟಿ ನೋಡು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದು ಈ ವಿದ್ಯೆಯ ಕುರಿತೇ ಇರಬೇಕು. ಸೈಟಿನಲ್ಲಿ ಮನೆ ಕಟ್ಟಿಸುವ ಯಾರಿಗಾದರೂ ಗೊತ್ತಿರುವಂತೆ, ಕೆಲವು ಕೆಲಸಗಳು ಒಂದರ ಬೆನ್ನಿಗೆ ಒಂದು ಬರಲೇಬೇಕು. ಪಾಯದ ನಂತರ ಗೋಡೆ, ಗೋಡೆಯ ನಂತರ ಸೆಂಟ್ರಿಂಗ್, ಕಂಬಿ ಕಟ್ಟುವುದು, ಕಾಂಕ್ರೀಟ್ ಹಾಕುವ ಮೊದಲು ವಿದ್ಯುತ್ ಪೈಪುಗಳನ್ನು ಕೂರಿಸುವುದು, ಅನಂತರ ದಿನಗಟ್ಟಲೆ ನೀರುಣಿಸಿ ಕ್ಯೂರಿಂಗ್. ಈ ಸರಪಳಿಯಲ್ಲಿ ಯಾವುದೇ ಕೊಂಡಿ ಎರಡು ದಿನ ತಡವಾದರೆ ಗೃಹಪ್ರವೇಶವೂ ಎರಡು ದಿನ ಮುಂದೆ ಹೋಗುತ್ತದೆ. ಕಾಂಪೌಂಡ್ ಗೋಡೆಯ ಮಾತು ಹಾಗಲ್ಲ. ಅದು ಹದಿನೈದು ದಿನ ತಡವಾದರೂ ಯಾರಿಗೂ ತೊಂದರೆಯಿಲ್ಲ.

ಮೊದಲ ಬಗೆಯ ಸರಪಳಿಗೆ ವೃತ್ತಿಪರರು ಇಟ್ಟಿರುವ ಹೆಸರು ‘ನಿರ್ಣಾಯಕ ಹಾದಿ’. ಅತಿ ಉದ್ದದ ಸರಪಳಿಯೇ ಯೋಜನೆಯ ಅತಿ ಕಡಿಮೆ ಅವಧಿ ಎಂಬುದು ಅದರ ತಿರುಳು. ಕೇಳಲು ಸರಳವಾದರೂ ಸಾವಿರಾರು ಕೆಲಸಗಳಿರುವ ಕಡೆ ಈ ಹಾದಿ ಯಾವುದೆಂದು ಕಣ್ಣಳತೆಯಲ್ಲಿ ಹೇಳಲಾಗದು. ಅಮೆರಿಕದ ರಾಸಾಯನಿಕ ಕಂಪೆನಿ ಡ್ಯುಪಾಂಟ್‌ನ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್‌ನ ಜೇಮ್ಸ್ ಕೆಲ್ಲಿ 1957ರ ಸುಮಾರಿಗೆ ಇದನ್ನು ಕಂಪ್ಯೂಟರಿನಿಂದ ಲೆಕ್ಕ ಹಾಕುವ ವಿಧಾನ ರೂಪಿಸಿದರು. ಮರುವರ್ಷ ಅಮೆರಿಕದ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿಗಾಗಿ ‘ಪರ್ಟ್’ ಎಂಬ ಸೋದರ ವಿಧಾನವನ್ನು ಹೊರತಂದಿತು.

ಪರ್ಟ್‌ನ ವೈಶಿಷ್ಟ್ಯವೆಂದರೆ ಮನುಷ್ಯರ ಮಾತಿನ ಮೇಲಿನ ಅದರ ಅನುಮಾನ. ಬಾಗಿಲು ಕಿಟಕಿಗಳನ್ನು ಎಷ್ಟು ದಿನದಲ್ಲಿ ಕೊಡುವಿರಿ ಎಂದು ಬಡಗಿಯನ್ನು ಕೇಳಿದರೆ ಒಂದೇ ಉತ್ತರ ಸಾಲದು. ಎಲ್ಲವೂ ಸರಿಯಿದ್ದರೆ ಆರು ದಿನ, ಸಾಮಾನ್ಯವಾಗಿ ಒಂಬತ್ತು ದಿನ, ಮರ ಸಿಗದೆ ಆಳೂ ಊರಿಗೆ ಹೋದರೆ 24 ದಿನ ಎಂದುಕೊಳ್ಳೋಣ. ನಡುವಿನ ಅಂದಾಜಿಗೆ ನಾಲ್ಕು ಪಟ್ಟು ತೂಕ ಕೊಟ್ಟು, ಮೂರನ್ನೂ ಕೂಡಿ ಆರರಿಂದ ಭಾಗಿಸಿದರೆ 11 ದಿನ ಬರುತ್ತದೆ. ಬಡಗಿ ಹೇಳುವ ‘ಒಂದು ವಾರ ಸಾರ್’ ಎಂಬುದಕ್ಕಿಂತ ಇದು ಸತ್ಯಕ್ಕೆ ಹತ್ತಿರ.

ಇವೆರಡಕ್ಕೂ ಮೊದಲೇ, 1910ರ ದಶಕದಲ್ಲಿ, ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಎಂಜಿನಿಯರ್ ಜನಪ್ರಿಯಗೊಳಿಸಿದ ಅಡ್ಡಪಟ್ಟಿಗಳ ನಕ್ಷೆ ಇಂದಿಗೂ ಪ್ರತಿ ಸೈಟ್ ಆಫೀಸಿನ ಗೋಡೆಯ ಮೇಲಿದೆ. ಅಂದವಾದ ನಕ್ಷೆಯಿದ್ದಲ್ಲಿ ಕೆಲಸವೂ ಅಂದವಾಗಿಯೇ ಸಾಗುತ್ತಿದೆ ಎಂದು ನಂಬುವುದು ಮಾತ್ರ ಈ ವೃತ್ತಿಯ ಹಳೆಯ ಕಾಯಿಲೆ.

ಕೊಂಕಣದ ಹಳಿ

ಭಾರತದಲ್ಲಿ ಯೋಜನಾ ನಿರ್ವಹಣೆಯ ಮಾತು ಬಂದಾಗಲೆಲ್ಲ ಕೊಂಕಣ ರೈಲ್ವೆಯ ಹೆಸರು ಬರುತ್ತದೆ. ಮಹಾರಾಷ್ಟ್ರದ ರೋಹಾದಿಂದ ಮಂಗಳೂರಿನ ಸಮೀಪದ ತೋಕೂರಿನವರೆಗೆ ಸುಮಾರು 740 ಕಿ.ಮೀ. ಉದ್ದದ ಈ ಮಾರ್ಗ ಒಂದೆಡೆ ಸಹ್ಯಾದ್ರಿ, ಇನ್ನೊಂದೆಡೆ ಅರಬ್ಬೀ ಸಮುದ್ರದ ನಡುವಿನ ಕಿರಿದಾದ ಪಟ್ಟಿಯಲ್ಲಿ ನುಸುಳುತ್ತದೆ. ಕಾರವಾರ, ಹೊನ್ನಾವರ, ಭಟ್ಕಳ, ಉಡುಪಿಯ ಜನ ಅದಕ್ಕೆ ಮುನ್ನ ಮುಂಬಯಿಗೆ ಹೋಗಬೇಕಿದ್ದರೆ ಬಸ್ಸೇ ಗತಿಯಾಗಿತ್ತು.

1990ರ ಜುಲೈ 19ರಂದು ಕೊಂಕಣ ರೈಲ್ವೆ ನಿಗಮ ಅಸ್ತಿತ್ವಕ್ಕೆ ಬಂತು. ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸ್ ಆಗ ರೈಲ್ವೆ ಸಚಿವರು. ರೈಲ್ವೆ ಬಜೆಟ್ಟಿನ ವಾರ್ಷಿಕ ಹಂಚಿಕೆಯನ್ನೇ ನೆಚ್ಚಿಕೊಂಡರೆ ದಶಕಗಳೇ ಬೇಕಾದೀತೆಂದು ಪ್ರತ್ಯೇಕ ನಿಗಮ ರಚಿಸಿ, ಷೇರು ಬಂಡವಾಳದಲ್ಲಿ ರೈಲ್ವೆಗೆ ಶೇ. 51, ಮಹಾರಾಷ್ಟ್ರಕ್ಕೆ 22, ಕರ್ನಾಟಕಕ್ಕೆ 15, ಗೋವಾ ಮತ್ತು ಕೇರಳಕ್ಕೆ ತಲಾ 6ರಷ್ಟು ಪಾಲು ನಿಗದಿಪಡಿಸಲಾಯಿತು. ಉಳಿದ ಹಣದ ಬಹುಭಾಗ ಬಾಂಡುಗಳ ಮೂಲಕ ಬಂತು. ಬಾಂಡಿನ ಬಡ್ಡಿ ದಿನವೂ ಬೆಳೆಯುವುದರಿಂದ ತಡವಾದ ಪ್ರತಿ ದಿನಕ್ಕೂ ಬೆಲೆಯಿತ್ತು. ಆ ಬೆಲೆ ಎಷ್ಟೆಂದು ಎಲ್ಲರಿಗೂ ಗೊತ್ತಿರುವಂತೆ ನೋಡಿಕೊಂಡದ್ದು ಮೊದಲ ಅಧ್ಯಕ್ಷ ಹಾಗೂ ವ್ಯವಸ್ಥಾಪಕ ನಿರ್ದೇಶಕ ಇ. ಶ್ರೀಧರನ್ ಅವರ ಮೊದಲ ಕೆಲಸ. ಉಳಿದ ದಿನಗಳನ್ನು ಎಣಿಸುವ ಹಿಮ್ಮುಖ ಗಡಿಯಾರಗಳು ಪ್ರಸಿದ್ಧವಾದದ್ದು ಹೀಗೆ.

ಗಡಿಯಾರಕ್ಕಿಂತ ದೊಡ್ಡ ನಿರ್ಧಾರ ಬೇರೆಯಿತ್ತು. ಇಡೀ ಮಾರ್ಗವನ್ನು ಸುಮಾರು ನೂರು ಕಿ.ಮೀ.ಗಳ ಏಳು ವಲಯಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್ ನೇಮಿಸಿ, ಸ್ಥಳದಲ್ಲೇ ತೀರ್ಮಾನಿಸುವ ಅಧಿಕಾರ ಕೊಡಲಾಯಿತು. ಕಾರವಾರದ ಸೇತುವೆಯ ಅಡಚಣೆಗೆ ನವಿ ಮುಂಬಯಿಯ ಬೇಲಾಪುರದಿಂದ ಕಡತ ಮರಳುವ ತನಕ ಕಾಯಬೇಕಿರಲಿಲ್ಲ. ಗುತ್ತಿಗೆದಾರರ ಬಿಲ್ಲುಗಳನ್ನು ತಡೆಹಿಡಿಯದೆ ಪಾವತಿಸುವುದು ಸಹ ನಿಯಮವಾಯಿತು. ಸರ್ಕಾರಿ ಕಾಮಗಾರಿ ಬಲ್ಲವರು ಇದನ್ನು ಸಣ್ಣ ಸಂಗತಿ ಎನ್ನಲಾರರು.

ನಲವತ್ತು ಸಾವಿರಕ್ಕೂ ಹೆಚ್ಚು ಭೂಮಾಲೀಕರಿಂದ ಜಮೀನು ಪಡೆಯಬೇಕಿತ್ತು. 91 ಸುರಂಗಗಳು, ಸುಮಾರು ಎರಡು ಸಾವಿರ ಚಿಕ್ಕ ದೊಡ್ಡ ಸೇತುವೆಗಳು ಬೇಕಿದ್ದವು. ಹೊನ್ನಾವರದ ಬಳಿ ಶರಾವತಿಯ ಮೇಲೆ ಎರಡು ಕಿ.ಮೀ.ಗೂ ಮಿಕ್ಕಿದ ಸೇತುವೆ, ರತ್ನಗಿರಿ ಸಮೀಪ ಪಾನವಲ್ ಕಣಿವೆಯ ಮೇಲೆ 64 ಮೀಟರ್ ಎತ್ತರದ ಮೇಲ್ಸೇತುವೆ, ಕರಬುಡೆಯಲ್ಲಿ ಆರೂವರೆ ಕಿ.ಮೀ. ಸುರಂಗ ಇವುಗಳಲ್ಲಿ ಮುಖ್ಯವಾದವು. ಗಟ್ಟಿ ಬಂಡೆ ಕೊರೆಯಲು ಸ್ವೀಡನ್ನಿನಿಂದ ಯಂತ್ರಗಳು ಬಂದವು. ಆಶ್ಚರ್ಯವೆಂದರೆ ಬಂಡೆ ಸೋತಿತು, ಮಣ್ಣು ಸೋಲಲಿಲ್ಲ. ನೀರು ಹೀರಿದ ಜೇಡಿಯಲ್ಲಿ ಸಾಗುವ ಒಂಬತ್ತು ಸುರಂಗಗಳು ಅಗೆದಷ್ಟೂ ಕುಸಿದವು. ಗೋವಾದ ಪೆರ್ನೆಂ ಸುರಂಗ ಅವುಗಳಲ್ಲಿ ಕುಪ್ರಸಿದ್ಧ. ಯಂತ್ರ ನುಗ್ಗಲಾಗದ ಕಡೆ ಕೈಯಿಂದಲೇ ಅಗೆಯಬೇಕಾಯಿತು. ಈ ಒಂಬತ್ತೇ ಸುರಂಗಗಳು ನಾಲ್ಕು ವರ್ಷಗಳನ್ನೂ 19 ಜೀವಗಳನ್ನೂ ನುಂಗಿದವು. ಇಡೀ ಮಾರ್ಗದ ನಿರ್ಮಾಣದಲ್ಲಿ ಮಡಿದವರ ಸಂಖ್ಯೆ 74.

ಗೋವಾದಲ್ಲಿ ಇನ್ನೊಂದು ಬಗೆಯ ಕುಸಿತವೂ ಆಯಿತು. ಕರಾವಳಿಯ ಖಜಾನ್ ಗದ್ದೆಗಳು ಮತ್ತು ಐತಿಹಾಸಿಕ ಚರ್ಚುಗಳಿರುವ ಹಳೆಯ ಗೋವಾದ ಸನಿಹದಲ್ಲಿ ಹಳಿ ಹಾಯುವುದನ್ನು ವಿರೋಧಿಸಿ ತೀವ್ರ ಚಳವಳಿ ನಡೆಯಿತು. ಕೆಲಸ ನಿಂತಿತು, ವಿಚಾರಣೆಗೆ ನ್ಯಾಯಮೂರ್ತಿ ಓಜಾ ಅವರ ನೇಮಕವಾಯಿತು. ದಕ್ಷತೆಯ ಗಡಿಯಾರಕ್ಕೆ ಜನರ ಆಕ್ಷೇಪ ಒಂದು ‘ವಿಳಂಬ’ವಾಗಿ ಮಾತ್ರ ಕಾಣುತ್ತದೆ. ಆಕ್ಷೇಪಿಸಿದವರ ದೃಷ್ಟಿಯಲ್ಲಿ ಅದು ತಮ್ಮ ಗದ್ದೆಯ ಪ್ರಶ್ನೆ. ಬಾಧಿತರನ್ನೂ ಯೋಜನೆಯ ಪಾಲುದಾರರೆಂದು ಪರಿಗಣಿಸಬೇಕೆಂದು ಇಂದಿನ ಪಠ್ಯಪುಸ್ತಕಗಳು ಒತ್ತಿ ಹೇಳುವುದು ಇಂತಹ ಅನುಭವಗಳಿಂದಲೇ.

ಐದು ವರ್ಷದ ಗುರಿಯಿದ್ದ ಮಾರ್ಗ ಪೂರ್ಣಗೊಂಡಾಗ ಏಳು ವರ್ಷ ದಾಟಿತ್ತು. ಉಡುಪಿಯವರೆಗಿನ ತುಂಡು 1993ರ ಮಾರ್ಚ್‌ನಲ್ಲೇ ತೆರೆದಿದ್ದರೂ ಇಡೀ ಮಾರ್ಗದಲ್ಲಿ ರೈಲು ಓಡಿದ್ದು 1998ರ ಜನವರಿ 26ರಂದು. ಹಾಗಾಗಿ ಇದು ಗಡುವು ಮೀರದ ಯೋಜನೆಯ ಕಥೆಯಲ್ಲ. ತಡವಾದರೂ ಅದು ದಿಕ್ಕು ತಪ್ಪಲಿಲ್ಲ. ಎಲ್ಲಿ, ಏಕೆ, ಎಷ್ಟು ತಡ ಎಂಬುದು ನಡೆಸುವವರಿಗೆ ಪ್ರತಿ ಹಂತದಲ್ಲೂ ತಿಳಿದಿತ್ತು. ನಡೆಸುವವರು ನಡುವೆ ಬದಲಾಗಲೂ ಇಲ್ಲ. ಜಿಲ್ಲಾಧಿಕಾರಿಯಿಂದ ಹಿಡಿದು ಕಾರ್ಯಪಾಲಕ ಎಂಜಿನಿಯರ್‌ವರೆಗೆ ವರ್ಗಾವಣೆಯೇ ಋತುಮಾನವಾಗಿರುವ ನಾಡಿನಲ್ಲಿ ಒಬ್ಬನೇ ವ್ಯಕ್ತಿ ಆರಂಭದಿಂದ ಅಂತ್ಯದವರೆಗೆ ಉತ್ತರದಾಯಿಯಾಗಿದ್ದದ್ದು ತಾಂತ್ರಿಕ ಸಾಧನೆಗಿಂತ ಕಡಿಮೆಯದಲ್ಲ.

ವ್ಯಾಪ್ತಿ ಎಂಬ ಎಲಾಸ್ಟಿಕ್

ಬೆಂಗಳೂರಿನ ನಮ್ಮ ಮೆಟ್ರೊ ಬೇರೊಂದು ಪಾಠ. 2006ರ ಜೂನ್ 24ರಂದು ಶಿಲಾನ್ಯಾಸವಾದ ಮೊದಲ ಹಂತ ಆರಂಭದಲ್ಲಿ 33 ಕಿ.ಮೀ. ಉದ್ದದ್ದಾಗಿತ್ತು, ಅಂದಾಜು 6,395 ಕೋಟಿ ರೂಪಾಯಿ. ಕೆಲಸ ನಡೆಯುತ್ತಿರುವಾಗಲೇ ತುದಿಗಳು ವಿಸ್ತರಣೆಗೊಂಡು ಉದ್ದ 42.3 ಕಿ.ಮೀ. ಆಯಿತು. ನೆಲದಡಿಯಲ್ಲಿ ಗಟ್ಟಿ ಬಂಡೆಯೂ ಸಡಿಲ ಮಣ್ಣೂ ಬೆರೆತ ಪದರ ಎದುರಾಗಿ ಸುರಂಗ ಕೊರೆಯುವ ಕೆಲಸ ಕುಂಟಿತು. ಬೈಯಪ್ಪನಹಳ್ಳಿ ಮತ್ತು ಎಂ.ಜಿ. ರಸ್ತೆ ನಡುವೆ 2011ರ ಅಕ್ಟೋಬರ್‌ನಲ್ಲಿ ಮೊದಲ ರೈಲು ಓಡಿತಾದರೂ ಮೊದಲ ಹಂತ ಮುಗಿದದ್ದು 2017ರ ಜೂನ್‌ನಲ್ಲಿ. ಪರಿಷ್ಕೃತ ವೆಚ್ಚ 13,800 ಕೋಟಿ ದಾಟಿತ್ತು.

ಇಲ್ಲಿ ಹೆಚ್ಚಳವನ್ನೆಲ್ಲ ಒಂದೇ ರಾಶಿಗೆ ಹಾಕಿ ‘ದುಪ್ಪಟ್ಟು’ ಎನ್ನುವುದು ಸುಲಭ. ವೃತ್ತಿಪರರು ಮೊದಲು ಕೇಳುವುದು, ಕೆಲಸ ಅಷ್ಟೇ ಇದ್ದು ವೆಚ್ಚ ಏರಿತೋ ಅಥವಾ ಕೆಲಸವೇ ಬೆಳೆಯಿತೋ ಎಂದು. ವ್ಯಾಪ್ತಿ ಬೆಳೆದಾಗ ಅವಧಿ, ವೆಚ್ಚಗಳನ್ನು ಅಂದೇ ಲಿಖಿತವಾಗಿ ಪರಿಷ್ಕರಿಸಿ, ಒಪ್ಪಿದವರ ಸಹಿ ಪಡೆಯುವುದು ಪ್ರಾಜೆಕ್ಟ್ ಮ್ಯಾನೇಜರನ ಅಪ್ರಿಯ ಕರ್ತವ್ಯ. ಮನೆ ಕಟ್ಟಿಸುವಾಗ ‘ಹೇಗೂ ಕಟ್ಟುತ್ತಿದ್ದೀವಿ, ಮೇಲೊಂದು ರೂಮು ಹಾಕಿಬಿಡಿ’ ಎನ್ನುವ ಭಾವನ ಮಾತಿಗೆ ತಲೆಯಾಡಿಸಿದವರ ಬಜೆಟ್ ಏನಾಯಿತೆಂಬುದು ಗೊತ್ತೇ ಇದೆ.

ಅಂದಾಜೇ ತಪ್ಪಾಗಿರುವುದೂ ಸಾಮಾನ್ಯ. ಡೆನ್ಮಾರ್ಕಿನ ಸಂಶೋಧಕ ಬೆಂಟ್ ಫ್ಲೂಬಿಯರ್ ಮತ್ತು ಸಂಗಡಿಗರು 258 ಸಾರಿಗೆ ಯೋಜನೆಗಳ ಲೆಕ್ಕ ತೆಗೆದು 2002ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಹತ್ತರಲ್ಲಿ ಒಂಬತ್ತು ಯೋಜನೆಗಳು ಅಂದಾಜು ಮೀರಿದ್ದವು. ರೈಲು ಯೋಜನೆಗಳ ಸರಾಸರಿ ಹೆಚ್ಚಳ ಶೇ. 45ರ ಆಸುಪಾಸು. ಅನುಮೋದನೆ ಪಡೆಯುವ ಸಲುವಾಗಿಯೇ ಅಂದಾಜುಗಳನ್ನು ಇಳಿಸಿ ತೋರಿಸಲಾಗುತ್ತದೆ ಎಂಬುದು ಅವರ ಕಟು ನಿಲುವು. ಹಾಗಿದ್ದಲ್ಲಿ ಎಂತಹ ಸಮರ್ಥ ವ್ಯವಸ್ಥಾಪಕನೂ ಮೊದಲ ದಿನವೇ ಸೋತಿರುತ್ತಾನೆ.

ಪ್ರಗತಿ ಎಂದರೆ ಯಾವುದು?

ಕರ್ನಾಟಕದ ಯಾವುದೇ ಕೆಡಿಪಿ ಸಭೆಯಲ್ಲಿ ಎರಡು ಕಾಲಂಗಳ ಪಟ್ಟಿಯಿರುತ್ತದೆ: ಭೌತಿಕ ಪ್ರಗತಿ, ಆರ್ಥಿಕ ಪ್ರಗತಿ. ಮಾರ್ಚ್ ಹತ್ತಿರವಾದಂತೆ ಎರಡನೆಯದು ಜಿಗಿಯುತ್ತದೆ. ಹಣ ಖರ್ಚಾಗುವುದನ್ನೇ ಪ್ರಗತಿ ಎಂದು ಬಗೆಯುವ ಈ ಅಭ್ಯಾಸಕ್ಕೆ ಮದ್ದಾಗಿ ಅಮೆರಿಕದ ರಕ್ಷಣಾ ಇಲಾಖೆ 1967ರಲ್ಲಿ ಜಾರಿಗೆ ತಂದ ಮಾನದಂಡಗಳಿಂದ ‘ಗಳಿಸಿದ ಮೌಲ್ಯ’ ಎಂಬ ವಿಧಾನ ಬೆಳೆಯಿತು.

ಐದು ತಿಂಗಳಲ್ಲಿ 20 ಲಕ್ಷ ರೂಪಾಯಿಯ ಕೆಲಸ ಆಗಬೇಕಿತ್ತು ಎಂದುಕೊಳ್ಳೋಣ. ಖರ್ಚಾದದ್ದು 18 ಲಕ್ಷ. ಆರ್ಥಿಕ ಪ್ರಗತಿ ಶೇ. 90, ಎರಡು ಲಕ್ಷ ಉಳಿತಾಯ ಎಂದು ವರದಿ ಹೋಗುತ್ತದೆ. ಆದರೆ ಸ್ಥಳಕ್ಕೆ ಹೋಗಿ ಅಳೆದರೆ ಮೂಲ ದರದಲ್ಲಿ 15 ಲಕ್ಷದ ಕೆಲಸ ಮಾತ್ರ ನಿಂತಿದೆ. ಅಂದರೆ ಕೆಲಸ ಕಾಲು ಭಾಗ ಹಿಂದಿದೆ, ಖರ್ಚಾದ ಪ್ರತಿ ರೂಪಾಯಿಗೆ 83 ಪೈಸೆಯ ಕೆಲಸವಷ್ಟೇ ದಕ್ಕಿದೆ. ಮೂರನೆಯ ಆ ಸಂಖ್ಯೆ ಇಲ್ಲದೆ ಉಳಿದೆರಡು ಸಂಖ್ಯೆಗಳು ಶುಭವಾರ್ತೆಯಂತೆ ಓದಿಸಿಕೊಳ್ಳುತ್ತವೆ. ಕೆಟ್ಟ ಸುದ್ದಿಯನ್ನು ಮೇಲಿನವರಿಗೆ ಬೇಗ ಮುಟ್ಟಿಸುವುದೇ ಈ ಹುದ್ದೆಯ ಅತಿ ಕಷ್ಟದ ಭಾಗ. ಆರನೆಯ ತಿಂಗಳಲ್ಲಿ ಹೇಳಿದರೆ ಬೈಗುಳ, ಹನ್ನೊಂದನೆಯ ತಿಂಗಳಲ್ಲಿ ಹೇಳಿದರೆ ತನಿಖೆ.

ಕೇಳುವವರೂ ಹಾಗೆ ಇರಬೇಕಾಗುತ್ತದೆ. 1979ರ ಆಗಸ್ಟ್ 10ರಂದು ಎಸ್‌ಎಲ್‌ವಿ-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಯೋಜನಾ ನಿರ್ದೇಶಕರಾಗಿದ್ದವರು ಎ.ಪಿ.ಜೆ. ಅಬ್ದುಲ್ ಕಲಾಂ. ಉಡಾವಣೆ ತಡೆಯುವಂತೆ ಕಂಪ್ಯೂಟರ್ ಸೂಚಿಸಿದ್ದರೂ ತಜ್ಞರ ಅಭಿಪ್ರಾಯ ಪಡೆದು ಮುಂದುವರಿದದ್ದು ತಮ್ಮ ತೀರ್ಮಾನ ಎಂದು ಅವರು ಮುಂದೆ ಅನೇಕ ಭಾಷಣಗಳಲ್ಲಿ ಹೇಳಿಕೊಂಡರು. ಆದರೆ ಅಂದು ಪತ್ರಕರ್ತರನ್ನು ಎದುರಿಸಿ ಹೊಣೆ ಹೊತ್ತವರು ಇಸ್ರೋ ಅಧ್ಯಕ್ಷ ಸತೀಶ್ ಧವನ್. 1980ರ ಜುಲೈ 18ರಂದು ಯಶಸ್ಸು ಬಂದಾಗ ಪತ್ರಿಕಾಗೋಷ್ಠಿ ನಡೆಸಲು ಅವರು ಕಲಾಂ ಅವರನ್ನು ಮುಂದೆ ಕಳುಹಿಸಿದರು.

ಸಾಫ್ಟ್‌ವೇರ್ ನಗರದಲ್ಲಿ

ಬೆಂಗಳೂರಿನಲ್ಲಿ ‘ಪಿಎಂ’ ಎಂದರೆ ಬಹುಪಾಲು ಜನರಿಗೆ ನೆನಪಾಗುವುದು ಸಾಫ್ಟ್‌ವೇರ್ ಕಂಪೆನಿಯ ಪ್ರಾಜೆಕ್ಟ್ ಮ್ಯಾನೇಜರ್. ಚೆನ್ನಾಗಿ ಕೋಡ್ ಬರೆಯುತ್ತಿದ್ದವರನ್ನು ಬಡ್ತಿಯ ಹೆಸರಿನಲ್ಲಿ ಈ ಕುರ್ಚಿಗೆ ಕೂರಿಸುವುದು ಇಲ್ಲಿನ ವಾಡಿಕೆ. ಹಲವು ಸಲ ಕಂಪೆನಿ ಒಬ್ಬ ಒಳ್ಳೆಯ ಪ್ರೋಗ್ರಾಮರನನ್ನು ಕಳೆದುಕೊಳ್ಳುತ್ತದೆ, ಮ್ಯಾನೇಜರನೂ ಸಿಗುವುದಿಲ್ಲ.

ಅದೃಶ್ಯ ವಸ್ತುವನ್ನು ಕಟ್ಟುವ ಈ ಕ್ಷೇತ್ರದಲ್ಲಿ ‘ಶೇ. 90 ಮುಗಿದಿದೆ’ ಎಂಬ ಮಾತು ತಿಂಗಳುಗಟ್ಟಲೆ ಬದಲಾಗದೆ ಉಳಿಯಬಲ್ಲುದು. ಐಬಿಎಂನಲ್ಲಿ ದೊಡ್ಡ ಯೋಜನೆ ನಡೆಸಿದ್ದ ಫ್ರೆಡ್ ಬ್ರೂಕ್ಸ್, ತಡವಾದ ಸಾಫ್ಟ್‌ವೇರ್ ಕೆಲಸಕ್ಕೆ ಇನ್ನಷ್ಟು ಜನರನ್ನು ಸೇರಿಸಿದರೆ ಅದು ಮತ್ತೂ ತಡವಾಗುತ್ತದೆ ಎಂದು 1975ರಲ್ಲೇ ಎಚ್ಚರಿಸಿದ್ದರು. ಹೊಸಬರಿಗೆ ಕಲಿಸಲು ಹಳಬರ ಸಮಯವೇ ಹೋಗುತ್ತದೆ ಎಂಬುದು ಕಾರಣ. 2001ರ ಫೆಬ್ರವರಿಯಲ್ಲಿ ಅಮೆರಿಕದ ಉಟಾದಲ್ಲಿ ಕಲೆತ 17 ಮಂದಿ ಹೊರಡಿಸಿದ ‘ಅಜೈಲ್’ ಪ್ರಣಾಳಿಕೆ, ಎಲ್ಲವನ್ನೂ ಮೊದಲೇ ನಿಗದಿಪಡಿಸುವ ಬದಲು ಕೆಲವು ವಾರಗಳಿಗೊಮ್ಮೆ ಕೆಲಸ ಮಾಡುವ ತುಣುಕನ್ನು ಗ್ರಾಹಕರ ಮುಂದಿಡುವ ಪದ್ಧತಿಗೆ ನಾಂದಿಯಾಯಿತು. ಸೇತುವೆಗೆ ಇದು ಒಗ್ಗದು. ಅರ್ಧ ಸೇತುವೆಯ ಮೇಲೆ ಯಾರೂ ಓಡಾಡಲಾರರು.

ಪರೀಕ್ಷೆ ಮತ್ತು ಪದವಿ

ವಕೀಲರಿಗೆ, ವೈದ್ಯರಿಗೆ ಇರುವಂತೆ ಪ್ರಾಜೆಕ್ಟ್ ಮ್ಯಾನೇಜರುಗಳಿಗೆ ಭಾರತದಲ್ಲಿ ಸನ್ನದು ಇಲ್ಲ. ಯಾರು ಬೇಕಾದರೂ ಆ ಫಲಕ ತೂಗುಹಾಕಿಕೊಳ್ಳಬಹುದು. ಈ ಕೊರತೆಯನ್ನು ತುಂಬಿರುವುದು ಪ್ರಮಾಣಪತ್ರಗಳು. ಅಮೆರಿಕದಲ್ಲಿ 1969ರಲ್ಲಿ ಸ್ಥಾಪನೆಯಾದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಇನ್‌ಸ್ಟಿಟ್ಯೂಟ್ 1984ರಿಂದ ನಡೆಸುತ್ತಿರುವ ಪಿಎಂಪಿ ಪರೀಕ್ಷೆ ಅವುಗಳಲ್ಲಿ ಹೆಚ್ಚು ಪರಿಚಿತ. ಇದಕ್ಕೆ ಕೂರಲು ತರಬೇತಿಯಷ್ಟೇ ಸಾಲದು, ಯೋಜನೆಗಳನ್ನು ಮುನ್ನಡೆಸಿದ ವರ್ಷಗಳ ಅನುಭವವನ್ನೂ ತೋರಿಸಬೇಕು. ಬ್ರಿಟಿಷ್ ಸರ್ಕಾರದ ಬಳಕೆಗಾಗಿ ಹುಟ್ಟಿ 1996ರಿಂದ ಸಾರ್ವತ್ರಿಕವಾದ ಪ್ರಿನ್ಸ್-2 ಇನ್ನೊಂದು ಪದ್ಧತಿ. ನಿರ್ಮಾಣ ಕ್ಷೇತ್ರಕ್ಕೆ ಹೋಗುವವರಲ್ಲಿ ಅನೇಕರು ಪುಣೆಯ ನಿಕ್ಮಾರ್‌ನಂತಹ ಸಂಸ್ಥೆಗಳಲ್ಲಿ ಸ್ನಾತಕೋತ್ತರ ವ್ಯಾಸಂಗ ಮಾಡುತ್ತಾರೆ. ಪ್ರಮಾಣಪತ್ರ ಕೆಲಸ ಕೊಡಿಸೀತು. ಗುತ್ತಿಗೆದಾರ, ಹಣಕಾಸು ಅಧಿಕಾರಿ ಮತ್ತು ಶಾಸಕರ ಆಪ್ತ ಸಹಾಯಕ ಮೂವರೂ ಒಂದೇ ಬೆಳಿಗ್ಗೆ ಕರೆ ಮಾಡಿದಾಗ ಯಾರಿಗೆ ಮೊದಲು ಉತ್ತರಿಸಬೇಕೆಂಬುದು ಅದರ ಪಠ್ಯದಲ್ಲಿಲ್ಲ.

ಬೀಗದ ಕೈ ಒಪ್ಪಿಸಿದ ಮೇಲೆ

ಪ್ರಾಜೆಕ್ಟಿನ ಕೊನೆಯ ಹಂತ ಸಮಾಪ್ತಿ. ವಾಸ್ತವವಾಗಿ ಕಟ್ಟಿದ್ದೇನು ಎಂಬುದರ ನಕ್ಷೆ, ಬಾಕಿ ಕೆಲಸಗಳ ಪಟ್ಟಿ, ಅಂತಿಮ ಬಿಲ್ಲು, ನಿರ್ವಹಣೆ ವಹಿಸಿಕೊಳ್ಳುವವರಿಗೆ ತರಬೇತಿ ಇವೆಲ್ಲ ಅದರಲ್ಲಿ ಸೇರುತ್ತವೆ. ಉದ್ಘಾಟನೆಯ ಹಾರ ಒಣಗುವ ಮೊದಲೇ ಎಲ್ಲರೂ ಮುಂದಿನ ಕೆಲಸಕ್ಕೆ ಹೊರಡುವುದರಿಂದ ಈ ಹಂತ ಅನೇಕ ಕಡೆ ಅರೆಬರೆಯಾಗುತ್ತದೆ.

ಕೊಂಕಣ ಮಾರ್ಗಕ್ಕೂ ಉದ್ಘಾಟನೆಯ ನಂತರದ ಅಧ್ಯಾಯವಿದೆ. 2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬಯಿಗೆ ಹೊರಟಿದ್ದ ವಿಶೇಷ ರೈಲು ವೈಭವವಾಡಿ ಬಳಿ ಹಳಿಯ ಮೇಲೆ ಬಿದ್ದಿದ್ದ ಬಂಡೆಗಳಿಗೆ ಸಿಲುಕಿ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಮರುವರ್ಷದ ಜೂನ್‌ನಲ್ಲಿ ಮಂಗಳೂರಿನಿಂದ ಹೊರಟ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಕರಂಜಾಡಿ ಬಳಿ ಹಳಿ ತಪ್ಪಿತು. ಗುಡ್ಡ ಕಡಿದು ಮಾಡಿದ ದಾರಿಯ ಇಳಿಜಾರುಗಳು ಮಳೆಗಾಲದಲ್ಲಿ ಹೇಗೆ ವರ್ತಿಸುತ್ತವೆ ಎಂಬುದು ನಿರ್ಮಾಣದ ವೇಳಾಪಟ್ಟಿಗೆ ಹೊರಗಿನ ಪ್ರಶ್ನೆಯಾಗಿರಲಿಲ್ಲ ಎಂಬುದು ಆಗ ಎಲ್ಲರಿಗೂ ಮನವರಿಕೆಯಾಯಿತು. ಅನಂತರ ಇಳಿಜಾರುಗಳಿಗೆ ಉಕ್ಕಿನ ಬಲೆ ಹೊದಿಸುವ, ಗುಡ್ಡದ ಅಂಚನ್ನು ಮೆಟ್ಟಿಲಾಗಿ ಕಡಿಯುವ ಕೆಲಸಗಳು ವರ್ಷಗಳ ಕಾಲ ನಡೆದವು. ಮಳೆಗಾಲಕ್ಕೆ ಪ್ರತ್ಯೇಕ ವೇಳಾಪಟ್ಟಿ ಇಂದಿಗೂ ಇದೆ. ಆ ತಿಂಗಳುಗಳಲ್ಲಿ ರೈಲುಗಳು ವೇಗ ತಗ್ಗಿಸಿ ಓಡುತ್ತವೆ, ಅಪಾಯದ ಕಡಿತಗಳಲ್ಲಿ ಕಾವಲುಗಾರರು ಹಗಲಿರುಳು ಹಳಿ ಕಾಯುತ್ತಾರೆ.